ಉಮ್ಮನ ಅಡುಗೆಮನೆಯಿಂದ ಏನನ್ನು ತಂದೆವು, ಏನನ್ನು ಬಿಡಬೇಕು?

ಮಣ್ಣಿನ ಚಟ್ಟಿಗೆ ಸೋಪು ಹಾಕಬಾರದು. ಮಗ್ರಿಬ್ ಬಾಂಗ್ ಆದ ಮೇಲೆ ಪಕ್ಕದ ಮನೆಗೆ ಉಪ್ಪು, ಮೊಸರು ಕೊಡಬಾರದು. ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಬೇಯಿಸಬಾರದು. ಸಮೋಸ ಕರಿದ ಎಣ್ಣೆಯನ್ನು ಚೆಲ್ಲಬಾರದು, ಸೋಸಿ ಡಬ್ಬಿಯಲ್ಲಿ ತುಂಬಿಡಬೇಕು. ರಾತ್ರಿ ಮಲಗುವ ಮೊದಲು ಬರೀ ಪಾತ್ರೆಯಾದರೂ ಸರಿ, ಬಾಯಿ ಮುಚ್ಚಬೇಕು.

ಇದನ್ನೆಲ್ಲ ನಮಗೆ ಕಲಿಸಿದ್ದು ಯಾರು? ಯಾರೂ ಕೂರಿಸಿ ಪಾಠ ಮಾಡಿದ್ದಿಲ್ಲ. ಉಮ್ಮ ಮಾಡುತ್ತಿದ್ದರು, ನಾವು ನೋಡುತ್ತಿದ್ದೆವು. ಯಾಕೆ ಅಂತ ಕೇಳಿದರೆ "ಹಾಗೇ ಮಾಡುವುದು" ಅನ್ನುವ ಉತ್ತರ. ಇನ್ನೊಂದು ಸಲ ಕೇಳಿದರೆ ಸೌಟು ತೋರಿಸುತ್ತಿದ್ದರು! ಈಗ ನಾವೂ ಅದನ್ನೇ ಮಾಡುತ್ತೇವೆ, ನಮ್ಮ ಮಕ್ಕಳು ನೋಡುತ್ತಾರೆ. ಬ್ಯಾರಿ ಮನೆ ಅಂತ ಮಾತ್ರ ಅಲ್ಲ, ಎಲ್ಲರ ಮನೆಯಲ್ಲೂ ಹೀಗೆಯೇ. ಜಮೀನು ಪಾಲಾಗುತ್ತದೆ, ಚಿನ್ನ ಪಾಲಾಗುತ್ತದೆ. ಅಡುಗೆಮನೆಯ ರೂಢಿ ಮಾತ್ರ ಪಾಲು ಕೇಳದೆಯೇ ಎಲ್ಲ ಮಕ್ಕಳಿಗೂ ಪೂರ್ತಿ ಸಿಗುತ್ತದೆ.

ಇದು ನಮ್ಮ ಮನೆಯ ರೂಢಿ, ಲೋಕದ ನಿಯಮ ಅಲ್ಲ ಅನ್ನುವುದು ಗೊತ್ತಾಗುವುದು ಊರು ಬಿಟ್ಟ ಮೇಲೆ. ನಾನು ಈಗ ಇರುವುದು ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲೂಕಿನ ಬೋರಗಾಂವದಲ್ಲಿ. ದೂಧಗಂಗಾ ನದಿ ಪಕ್ಕದ ಸಣ್ಣ ಪಟ್ಟಣ. ಸುತ್ತ ಕಬ್ಬು, ಹೊಗೆಸೊಪ್ಪು. ಮಹಾರಾಷ್ಟ್ರದ ಇಚಲಕರಂಜಿ ನಮಗೆ ಹತ್ತಿರದ ದೊಡ್ಡ ಪೇಟೆ. ಸಂತೆಯಲ್ಲಿ ಒಂದೇ ಬಾಯಲ್ಲಿ ಕನ್ನಡವೂ ಬರುತ್ತದೆ, ಮರಾಠಿಯೂ ಬರುತ್ತದೆ. ಬೇಕರಿ ಕೆಲಸಕ್ಕೆಂದು ಬಂದು ನೆಲೆಸಿದವರು ನಾವು. ಮಂಗಳೂರಿಗೆ ಹೋಗಬೇಕಾದರೆ ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲಿ ಕೂರಬೇಕು. ಕುಚಲಕ್ಕಿಯೂ ಅದೇ ದಾರಿಯಲ್ಲಿ ಚೀಲದಲ್ಲಿ ಬರುತ್ತದೆ.

ಇಲ್ಲಿಯ ಹೆಂಗಸರಿಗೆ ನಮ್ಮ ಅಡುಗೆಮನೆ ಒಂದು ತಮಾಷೆ. ಅನ್ನ ಬಸಿದು ಗಂಜಿ ಬೇರೆ ತೆಗೆಯುವುದು, ಅಕ್ಕಿ ನೆನೆಹಾಕಿ ರುಬ್ಬಿ ರೊಟ್ಟಿ ಮಾಡುವುದು, ತಿಂಡಿಗೂ ತೆಂಗಿನಕಾಯಿ, ಸಾರಿಗೂ ತೆಂಗಿನಕಾಯಿ. "ಇಷ್ಟ ಕೊಬ್ರಿ ತಿಂದ್ರ ಹೊಟ್ಟಿ ಏನಾಗಬೇಕ್ರೀ ಭಾಬೀ?" ಅಂತ ಕೇಳುತ್ತಾರೆ. ಅವರ ಜೋಳದ ಭಕ್ರಿ, ಶೇಂಗಾ ಚಟ್ನಿ, ಕಾಂದಾ ಲಸೂಣ ಮಸಾಲೆ ನೋಡಿ ನಾನೂ ಅಷ್ಟೇ ಪ್ರಶ್ನೆ ಕೇಳಿದ್ದೇನೆ.

ನೀರಿನ ಬಟ್ಟೆಯ ಲೆಕ್ಕ

ಬೋರಗಾಂವ ಮತ್ತು ಸುತ್ತಲಿನ ಊರುಗಳಲ್ಲಿ ಜೈನ ಕುಟುಂಬಗಳು ಬಹಳ. ನಮ್ಮ ಪಕ್ಕದ ಮನೆಯವರೂ ಜೈನರೇ. ಅವರ ನಲ್ಲಿಗೆ ಒಂದು ಬಿಳಿ ದಪ್ಪ ಬಟ್ಟೆ ಕಟ್ಟಿರುತ್ತದೆ. ಕೊಡಕ್ಕೂ ಬಟ್ಟೆ ಹಾಸಿಯೇ ನೀರು ತುಂಬುತ್ತಾರೆ. ಸೋಸಿದ ಮೇಲೆ ಆ ಬಟ್ಟೆಯನ್ನು ಹಿಂಡುವುದಿಲ್ಲ. ಮೆಲ್ಲನೆ ಮಗುಚಿ, ನೀರು ಬಂದ ಜಾಗಕ್ಕೇ ಅದರಲ್ಲಿ ಉಳಿದಿದ್ದನ್ನು ಬಿಡಬೇಕು ಅನ್ನುವುದು ಅವರ ಕ್ರಮ. ಊಟ ಹೊತ್ತು ಮುಳುಗುವ ಮೊದಲೇ ಮುಗಿಯುತ್ತದೆ. ಮೊದಮೊದಲು ನನಗೂ ಇದು ವಿಚಿತ್ರ ಅನಿಸಿತ್ತು. ಕೇಳಿದಾಗ ಆ ಮನೆಯ ಹಿರಿಯ ಹೆಂಗಸು ಒಂದೇ ಮಾತಿನಲ್ಲಿ ಹೇಳಿದರು: "ನೀರಾಗ ಜೀವ ಇರ್ತಾವ್ರೀ. ನಮ್ಮಿಂದ ಅವಕ್ಕ ತ್ರಾಸ ಆಗಬಾರದು." ಅದೇ ಪ್ರಶ್ನೆಯನ್ನು ಅವರ 9 ವರ್ಷದ ಮೊಮ್ಮಗಳಿಗೆ ಕೇಳಿದೆ. ಅವಳೂ ಅದೇ ಉತ್ತರ ಕೊಟ್ಟಳು.

ನನ್ನನ್ನು ಯೋಚನೆಗೆ ಹಚ್ಚಿದ್ದು ಇದು. ರೂಢಿ ಅವರಿಗೂ ಇದೆ, ನಮಗೂ ಇದೆ. ಆದರೆ ಆ ಮನೆಯಲ್ಲಿ ರೂಢಿಯ ಜೊತೆ ಕಾರಣವೂ ಅಜ್ಜಿಯಿಂದ ಮೊಮ್ಮಗಳಿಗೆ ಹೋಗಿದೆ. ನಮ್ಮಲ್ಲಿ ಎಷ್ಟೋ ಸಲ ರೂಢಿ ಮಾತ್ರ ಬಂದಿದೆ, ಕಾರಣ ದಾರಿಯಲ್ಲೇ ಬಿದ್ದು ಹೋಗಿದೆ.

ಬಟ್ಟೆಯಲ್ಲಿ ನೀರು ಸೋಸುವುದರ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ರೀಟಾ ಕೋಲ್ವೆಲ್ ಅನ್ನುವ ಅಮೆರಿಕದ ವಿಜ್ಞಾನಿ ಮತ್ತು ಅವರ ಜೊತೆಯವರು ಒಂದು ಪ್ರಯೋಗ ಮಾಡಿದರು. ಹಳೆಯ ಹತ್ತಿ ಸೀರೆಯನ್ನು ಮಡಚಿ ಎಂಟು ಪದರ ಮಾಡಿ, ಅದರಲ್ಲಿ ಕೆರೆ-ಹೊಳೆಯ ನೀರನ್ನು ಸೋಸಿ ಕುಡಿಯಲು ಹೆಂಗಸರಿಗೆ ಹೇಳಿಕೊಟ್ಟರು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾಲರಾ 48% ಕಡಿಮೆಯಾಗಿತ್ತು. ಕಾಲರಾ ರೋಗಾಣು ನೀರಿನಲ್ಲಿರುವ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತದೆ. ಬಟ್ಟೆ ಆ ಜೀವಿಗಳನ್ನು ತಡೆದರೆ ರೋಗಾಣುವೂ ನಿಲ್ಲುತ್ತದೆ. ಹೊಸ ಸೀರೆಗಿಂತ ಒಗೆದು ಒಗೆದು ಹಳತಾದ ಸೀರೆಯೇ ಇದಕ್ಕೆ ಒಳ್ಳೆಯದು, ಯಾಕೆಂದರೆ ನೂಲು ಸವೆದು ಅದರ ತೂತುಗಳು ಸಣ್ಣದಾಗಿರುತ್ತವೆ. ಸೋಸಿದರೆ ಸಾಕು, ಕುದಿಸಬೇಕಾಗಿಲ್ಲ ಅಂತ ಇದರ ಅರ್ಥವಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ ನದಿಗಳು ಉಕ್ಕಿ ಈ ಭಾಗದ ಊರುಗಳಿಗೆ ನುಗ್ಗಿದಂಥ ಕಾಲದಲ್ಲಿ ಸೋಸಿಯೂ ಕುಡಿಯಬೇಕು, ಕುದಿಸಿಯೂ ಕುಡಿಯಬೇಕು. ಆದರೆ ಜೀವದಯೆಗೆಂದು ಮಾಡಿದ ರೂಢಿಯೊಂದು ಮನುಷ್ಯನ ಜೀವವನ್ನೂ ಕಾಯಬಲ್ಲದು ಅನ್ನುವುದು ಸಣ್ಣ ಮಾತಲ್ಲ.

ಹಾಗಾಗಿ ನನ್ನ ಮೊದಲ ಮಾತು ಇದು. ಹಳತು ಅನ್ನುವ ಒಂದೇ ಕಾರಣಕ್ಕೆ ರೂಢಿಯನ್ನು ಬಿಡಬೇಡಿ.

ಉಮ್ಮ ಹೇಳಿದ್ದರಲ್ಲಿ ಅರ್ಥವಿತ್ತು

ಮಣ್ಣಿನ ಚಟ್ಟಿಯನ್ನೇ ನೋಡಿ. ಸುಟ್ಟ ಮಣ್ಣಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಸೋಪಿನ ನೀರು ಅದರೊಳಗೆ ಇಳಿದರೆ ನಾಳೆಯ ಮೀನು ಸಾರಿನಲ್ಲಿ ಸೋಪಿನ ವಾಸನೆ. ಅದಕ್ಕೇ ತೆಂಗಿನ ನಾರು, ಬೂದಿ, ಬಿಸಿನೀರು. ಸೌದೆಯ ಬೂದಿಯಲ್ಲಿ ಕ್ಷಾರ ಇರುತ್ತದೆ, ಅದು ಜಿಡ್ಡನ್ನು ಬಿಡಿಸುತ್ತದೆ. ಉಮ್ಮನಿಗೆ ಈ ಶಬ್ದಗಳು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಹಿತ್ತಾಳೆ, ತಾಮ್ರದ ಪಾತ್ರೆಗೆ ಹುಳಿ ತಾಗಿಸಬಾರದು ಅನ್ನುವುದೂ ಹಾಗೆಯೇ. ಹುಣಸೆ, ನಿಂಬೆ, ಪುನರ್ಪುಳಿ, ಮೊಸರು ತಾಮ್ರದ ಜೊತೆ ಸೇರಿದರೆ ತಾಮ್ರ ಕರಗಿ ಆಹಾರಕ್ಕೆ ಇಳಿಯುತ್ತದೆ. ಹೊಟ್ಟೆ ತೊಳೆಸಿ ವಾಂತಿಯಾಗುತ್ತದೆ. ಮದುವೆ ಮನೆಯ ದೊಡ್ಡ ಬಿರಿಯಾನಿ ಚೆಂಬುಗಳಿಗೆ ಒಳಗೆ ತವರ ಬಳಿಯುವುದು, ಅಂದರೆ ಕಲಾಯಿ ಹಾಕಿಸುವುದು ಇದೇ ಕಾರಣಕ್ಕೆ. ಒಂದು ಕಾಲಕ್ಕೆ ಕಲಾಯಿಯವರು ಮನೆ ಬಾಗಿಲಿಗೇ ಬರುತ್ತಿದ್ದರು, ಅಂಗಳದಲ್ಲಿ ಕುಲುಮೆ ಊದಿ ಪಾತ್ರೆ ಬೆಳ್ಳಿಯ ಹಾಗೆ ಮಾಡಿಕೊಡುತ್ತಿದ್ದರು. ಈಗ ಅವರು ಬರುವುದು ಕಡಿಮೆಯಾಯಿತು, ನಾವು ಸ್ಟೀಲಿಗೆ ಬಂದೆವು, ಮಾತು ಮರೆತುಹೋಯಿತು. ಇತ್ತೀಚೆಗೆ ಆರೋಗ್ಯಕ್ಕೆ ಒಳ್ಳೆಯದು ಅಂತ ತಾಮ್ರದ ಬಾಟಲಿ ತಂದು, ಅದರಲ್ಲೇ ನಿಂಬೆ ಶರಬತ್ತು ತುಂಬಿ ಮಕ್ಕಳ ಶಾಲೆಯ ಬ್ಯಾಗಿಗೆ ಇಡುವವರನ್ನು ನೋಡಿದ್ದೇನೆ. ಉಮ್ಮನ ಹಳೆಯ ಮಾತಿನ ಬೆಲೆ ಗೊತ್ತಾಗುವುದು ಇಂಥಲ್ಲಿ.

ಕುಚಲಕ್ಕಿಯ ಹಟವೂ ಸುಮ್ಮನೆ ಬಂದದ್ದಲ್ಲ. ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಕುಟ್ಟಿದಾಗ, ತೌಡಿನಲ್ಲಿರುವ ಬಿ1 ಜೀವಸತ್ವ ಕಾಳಿನೊಳಗೆ ಇಳಿಯುತ್ತದೆ. ಆಮೇಲೆ ತೌಡು ಹೋದರೂ ಅದರಲ್ಲಿ ಒಂದಷ್ಟು ಉಳಿಯುತ್ತದೆ. ಬೆಳ್ಳಗೆ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಅಷ್ಟು ಇರುವುದಿಲ್ಲ. ರಾತ್ರಿ ಪಾತ್ರೆ ಮುಚ್ಚಿಡುವ ಅಭ್ಯಾಸ ನಮಗೆ ಹದೀಸಿನಿಂದಲೇ ಬಂದಿದೆ. ಹಲ್ಲಿ, ಜಿರಳೆ, ಧೂಳಿನಿಂದ ಕಾಯುವ ಇಷ್ಟು ಸುಲಭದ ಉಪಾಯ ಬೇರೆ ಯಾವುದಿದೆ, ನೀವೇ ಹೇಳಿ.

ಕಾರಣ ಹೋಯಿತು, ರೂಢಿ ಉಳಿಯಿತು

ಇನ್ನೊಂದು ಬಗೆಯ ರೂಢಿಗಳಿವೆ. ಕಾರಣ ಯಾವಾಗಲೋ ಹೋಗಿಯಾಗಿದೆ, ರೂಢಿ ಮಾತ್ರ ಉಳಿದಿದೆ. ನಮ್ಮ ಮನೆಯದೇ ಒಂದು ಉದಾಹರಣೆ ಕೊಡುತ್ತೇನೆ. ಹಿಟ್ಟು ಮುಟ್ಟುವ ಮೊದಲು ನಾನು ಹುಣಸೆಹಣ್ಣಿನ ಚರಟ ಹಿಡಿದು ಮೊಣಕೈವರೆಗೂ ತಿಕ್ಕಿ ತೊಳೆಯುತ್ತೇನೆ. ಉಗುರಿನ ಸಂದಿಯನ್ನು ಎರಡು ಸಲ ಉಜ್ಜುತ್ತೇನೆ. ಬೋರಗಾಂವದ ಹೆಂಗಸರು ಇದನ್ನು ನೋಡಿ ನಗುತ್ತಾರೆ. ನನ್ನ ಉಮ್ಮ ಹೀಗೆ ತೊಳೆಯುತ್ತಿದ್ದರು, ಯಾಕೆಂದರೆ ಅವರು ಬೀಡಿ ಕಟ್ಟುತ್ತಿದ್ದರು. ಹೊಗೆಸೊಪ್ಪಿನ ಹುಡಿ ಕೈಗೆ, ಉಗುರಿಗೆ ಹತ್ತಿದರೆ ಪತ್ತಿರ್ ಹಿಟ್ಟು ಕಹಿ, ಮಕ್ಕಳಿಗೆ ವಾಂತಿ. ಬೀಡಿಯ ಮೊರ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ.

ನಾನು ಒಂದೇ ಒಂದು ಬೀಡಿ ಕಟ್ಟಿದವಳಲ್ಲ. ಆದರೂ ಕೈ ತೊಳೆಯುವುದು ಹಾಗೆಯೇ. ಬೀಡಿಯ ಹೊಗೆಸೊಪ್ಪಿಗೆ ಹೆಸರಾದ ನಿಪ್ಪಾಣಿಯ ಮಗ್ಗುಲಿಗೇ ಬಂದು ಕೂತ ಮೇಲೆ ಈ ಸಂಬಂಧ ನನಗೆ ಹೊಳೆಯಿತು. ಇಲ್ಲಿ ಹೊಲದಲ್ಲಿ ಸೊಪ್ಪು ಬಿಡಿಸಿ ಬರುವ ಹೆಂಗಸರೂ ಭಕ್ರಿ ತಟ್ಟುವ ಮೊದಲು ಕೈ ತಿಕ್ಕಿ ತಿಕ್ಕಿ ತೊಳೆಯುತ್ತಾರೆ. ದಕ್ಷಿಣ ಕನ್ನಡದಲ್ಲಿ ಎಷ್ಟು ಮನೆಗಳು ಬೀಡಿಯ ದುಡ್ಡಿನಲ್ಲಿ ನಡೆದವು, ಎಷ್ಟು ಹೆಣ್ಣುಮಕ್ಕಳ ಮದುವೆ ಬೀಡಿಯ ಪಾಸ್‌ಬುಕ್ಕಿನಲ್ಲಿ ಆಯಿತು ಅನ್ನುವುದು ಈ ಪುಟ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಆ ಕಾಲದ ಕುರುಹು ನನ್ನ ಕೈ ತೊಳೆಯುವುದರಲ್ಲಿ ಉಳಿದಿದೆ. ಕಾರಣ ಇಲ್ಲದಿದ್ದರೂ ನಾನು ಇದನ್ನು ಬಿಡುವುದಿಲ್ಲ. ಕೈ ಚೊಕ್ಕಟವಾದರೆ ನಷ್ಟವೇನು?

ಸಂಜೆ ಮೇಲೆ ಉಪ್ಪು ಕೊಡಬಾರದು ಅನ್ನುವುದು ಮಾತ್ರ ಬೇರೆ. ಅದಕ್ಕೆ ದೀನಿನಲ್ಲಿ ಆಧಾರವಿಲ್ಲ. ನೆರೆಯವರಿಗೆ ಸಣ್ಣಪುಟ್ಟ ವಸ್ತು ಕೊಡದೆ ತಡೆಯುವವರ ಬಗ್ಗೆ ಕುರ್‌ಆನಿನ ಮಾಊನ್ ಅಧ್ಯಾಯದಲ್ಲಿ ಕಠಿಣ ಮಾತಿದೆ. ಹೊತ್ತು ಮುಳುಗಿದೆ ಅಂತ ನೆರೆಯ ಮನೆಯ ಹುಡುಗನನ್ನು ಖಾಲಿ ಬಟ್ಟಲಿನೊಂದಿಗೆ ಕಳಿಸುವುದು ಯಾವ ಬರಕತ್ತನ್ನೂ ಉಳಿಸುವುದಿಲ್ಲ. ಒಬ್ಬರಿಗೂ ತೊಂದರೆ ಕೊಡದ ರೂಢಿ ಇರಲಿ, ನೆರೆಯವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ಹೋಗಲಿ. ನನ್ನ ಲೆಕ್ಕ ಇಷ್ಟೇ.

"ನಿನ್ನ ಉಮ್ಮ ಇದನ್ನು ಕಲಿಸಲಿಲ್ಲವಾ?"

ಈ ವಿಷಯ ಬರೆಯಬೇಕು ಅನಿಸಿದ್ದಕ್ಕೆ ನಿಜವಾದ ಕಾರಣಕ್ಕೆ ಈಗ ಬರುತ್ತೇನೆ. ಮದುವೆಯಾಗಿ ಬಂದ ಹುಡುಗಿ ಸಾರಿಗೆ ಮೊದಲು ಕೊತ್ತಂಬರಿ ಹಾಕಿದಳು, ಈ ಮನೆಯಲ್ಲಿ ಮೊದಲು ಮೆಣಸು. ಅವಳು ಮೀನನ್ನು ಎರಡು ನೀರಲ್ಲಿ ತೊಳೆದಳು, ಇಲ್ಲಿ ನಾಲ್ಕು ನೀರು. ಅವಳ ಮನೆಯಲ್ಲಿ ಪಿಂಡಿ ಚಿಕ್ಕದು, ಇಲ್ಲಿ ದೊಡ್ಡದು. ಆಗ ಒಂದು ಮಾತು ಬರುತ್ತದೆ: "ನಿನ್ನ ಉಮ್ಮ ಇದನ್ನು ಕಲಿಸಲಿಲ್ಲವಾ?"

ಎಷ್ಟು ಮನೆಗಳಲ್ಲಿ ಈ ಒಂದು ಮಾತಿನಿಂದ ಮನಸ್ಸು ಮುರಿದಿದೆ! ಹುಡುಗಿಗೆ ಬೈದರೆ ಅವಳು ತಡೆದುಕೊಳ್ಳುತ್ತಾಳೆ. ಅಲ್ಲಿಲ್ಲದ ಅವಳ ಉಮ್ಮನನ್ನು ಎಳೆದು ತಂದರೆ ಅದು ಒಳಗೆ ಉಳಿದುಬಿಡುತ್ತದೆ, ಇಪ್ಪತ್ತು ವರ್ಷ ಕಳೆದರೂ ಹೋಗುವುದಿಲ್ಲ. ಜಗಳ ಪಿಂಡಿಯ ಗಾತ್ರದ್ದಲ್ಲ, ಯಾರ ಮನೆಯ ರೂಢಿ ದೊಡ್ಡದು ಅನ್ನುವುದರದ್ದು. ಕಾರಣ ಗೊತ್ತಿಲ್ಲದ ರೂಢಿ ಹೀಗೆ ಬಹಳ ಬೇಗ ಅಧಿಕಾರವಾಗಿಬಿಡುತ್ತದೆ. ಕಾರಣ ಗೊತ್ತಿದ್ದವರು ಕಾರಣ ಹೇಳುತ್ತಾರೆ, ಗೊತ್ತಿಲ್ಲದವರು ಜೋರು ಮಾಡುತ್ತಾರೆ.

ಪಕ್ಕದ ಮನೆಯ ಜೈನ ಹಿರಿಯರು ನಮ್ಮ ಮನೆಗೆ ಬಂದು ಕೂರುತ್ತಾರೆ. ಹೊತ್ತು ಮುಳುಗಿದ ಮೇಲೆ ಬಂದರೆ ಏನೂ ಮುಟ್ಟುವುದಿಲ್ಲ, ನಗುತ್ತಾ ಬೇಡ ಅನ್ನುತ್ತಾರೆ. ನೀವೂ ಹೀಗೆ ಮಾಡಿ ಅಂತ ಒಂದು ದಿನವೂ ಹೇಳಿದವರಲ್ಲ. ನಾವು ಮೀನು ಕಾಯಿಸುವ ದಿನ ಆ ಕಡೆಯ ಕಿಟಕಿ ಹಾಕುತ್ತೇವೆ, ಅದನ್ನೂ ಯಾರೂ ಹೇಳಿಸಿಕೊಂಡದ್ದಲ್ಲ. ತಮ್ಮ ರೂಢಿ ಯಾಕೆ ಅಂತ ಗೊತ್ತಿರುವವರಿಗೆ ಅದನ್ನು ಇನ್ನೊಬ್ಬರ ಮೇಲೆ ಹೇರುವ ಅವಸರ ಇರುವುದಿಲ್ಲ. ಎರಡು ಧರ್ಮದ ಮನೆಗಳ ನಡುವೆ ಇದು ಸಾಧ್ಯವಾದರೆ, ಒಂದೇ ಸೂರಿನ ಅತ್ತೆ ಸೊಸೆಯ ನಡುವೆ ಯಾಕೆ ಆಗಬಾರದು? "ನಿಮ್ಮಲ್ಲಿ ಹೇಗೆ ಮಾಡುತ್ತಾರೆ ಮಗಳೇ?" ಅಂತ ಒಮ್ಮೆ ಕೇಳಿದರೆ ಸಾಕು. ಮನೆಗೆ ಒಂದು ಹೊಸ ರುಚಿಯೂ ಬರುತ್ತದೆ.

ಬಿಡಲೇಬೇಕಾದವು

ಇನ್ನು ಕೆಲವು ರೂಢಿಗಳನ್ನು ಪ್ರೀತಿಯಿಂದಲೇ ಆದರೂ ಬಿಡಬೇಕು.

ಮೊದಲನೆಯದು ಎಣ್ಣೆ ಡಬ್ಬಿ. ರಮಝಾನಿನಲ್ಲಿ ಸಮೋಸ, ಪಕೋಡ, ಮುಟ್ಟೆಅಪ್ಪ, ಗುಳಿಯಪ್ಪ ಎಲ್ಲವೂ ಒಂದೇ ಎಣ್ಣೆಯಲ್ಲಿ. ಇಂದು ಉಳಿದಿದ್ದು ನಾಳೆಗೆ, ನಾಳೆಯದಕ್ಕೆ ಒಂದಿಷ್ಟು ಹೊಸದು ಸೇರಿಸಿ ನಾಡಿದ್ದಿಗೆ. ಎಣ್ಣೆ ರೇಷನ್ನಿನಲ್ಲಿ ಅಳೆದು ಸಿಗುತ್ತಿದ್ದ ಕಾಲದಲ್ಲಿ ಉಮ್ಮ ಮಾಡಿದ್ದು ಜಾಣತನ. ಆದರೆ ಕಾಯಿಸಿ ಕಾಯಿಸಿ ಎಣ್ಣೆ ಒಡೆಯುತ್ತದೆ, ಅದರಲ್ಲಿ ಹಾನಿಕರ ವಸ್ತುಗಳು ಹೆಚ್ಚುತ್ತವೆ. ಹೀಗೆ ಒಡೆದು ಹುಟ್ಟುವ ಸಂಯುಕ್ತಗಳು 25% ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ನಿಯಮ ತಂದಿದೆ. ಬೇಕರಿ, ಹೋಟೆಲಿನವರು ಈ ಲೆಕ್ಕಕ್ಕೆ ತಲೆಬಾಗಬೇಕು. ಅಂಗಡಿಯ ಗಿರಾಕಿಗೆ ಕೊಡಬಾರದ ಎಣ್ಣೆಯನ್ನು ಮನೆಯ ಮಕ್ಕಳಿಗೆ ಕೊಡುವುದು ಯಾವ ನ್ಯಾಯ? ಕಡಿಮೆ ಎಣ್ಣೆಯಲ್ಲಿ ಕರಿಯಿರಿ. ಬಣ್ಣ ಕಪ್ಪಾದರೆ, ಬೇಗ ಹೊಗೆ ಬಂದರೆ, ನೊರೆ ಕಟ್ಟಿದರೆ ಮುಲಾಜಿಲ್ಲದೆ ಬಿಡಿ.

ಎರಡನೆಯದು, "ಚೆನ್ನಾಗಿ ಕುದಿಸಿದರೆ ಎಲ್ಲವೂ ಸರಿಯಾಗುತ್ತದೆ" ಅನ್ನುವ ನಂಬಿಕೆ. ಫ್ರಿಡ್ಜ್ ಇಲ್ಲದ ಕಾಲದಲ್ಲಿ ಮೀನು ಸಾರನ್ನು ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಕುದಿಸಿ ಇಡುತ್ತಿದ್ದರು. ಹುಳಿ, ಉಪ್ಪು, ಕುದಿ ಮೂರೂ ಸೇರಿ ಸಾರು ಉಳಿಯುತ್ತಿತ್ತು. ಆಗ ಬೇರೆ ದಾರಿ ಇರಲಿಲ್ಲ. ಆದರೆ ಬೂತಾಯಿ, ಬಂಗುಡೆಯಂಥ ಮೀನು ಐಸಿಲ್ಲದೆ ಬಿಸಿಲಲ್ಲಿ ಇದ್ದರೆ ಅದರಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಹುಟ್ಟುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ತುರಿಕೆ ಎದ್ದು, ತಲೆನೋವು ಬರುವುದು ಇದರಿಂದ. ಹೊರಗೆ ಬಹಳ ಹೊತ್ತು ಇಟ್ಟ ಅನ್ನದಲ್ಲಿ ಹುಟ್ಟುವ ಒಂದು ಬಗೆಯ ವಿಷವೂ ಹಾಗೆಯೇ, ಮತ್ತೆ ಬಿಸಿ ಮಾಡಿದರೆ ಸಾಯುವುದಿಲ್ಲ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಮುದ್ರದಿಂದ ದೂರ ಇರುವ ನಮ್ಮಂಥವರಿಗೆ ಇದು ಇನ್ನೂ ಮುಖ್ಯ. ಮೀನು ಕೊಳ್ಳುವಾಗ ಬೆಲೆ ಕೇಳುವ ಮೊದಲು ಐಸ್ ನೋಡಿ. ಮನೆಯಲ್ಲಿ ಫ್ರಿಡ್ಜ್ ಇದ್ದೂ "ನಮ್ಮ ಉಮ್ಮ ಹೊರಗೇ ಇಡುತ್ತಿದ್ದರು" ಅನ್ನುವುದಕ್ಕೆ ಈಗ ಅರ್ಥವಿಲ್ಲ.

ಮೂರನೆಯದು ಊಟದ ಬೆನ್ನಿಗೇ ಚಾಯ. ನಮ್ಮವರಿಗೆ ಬಿರಿಯಾನಿ ಇಳಿಯಬೇಕಾದರೆ ಸುಲೈಮಾನಿ ಬೇಕು. ಆದರೆ ಚಹಾದ ಒಗರು ಊಟದಲ್ಲಿರುವ ಕಬ್ಬಿಣದ ಅಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ, ಅದರಲ್ಲೂ ಸೊಪ್ಪು, ಕಾಳುಗಳ ಕಬ್ಬಿಣವನ್ನು. ಒಂದು ಗಂಟೆ ಬಿಟ್ಟು ಕುಡಿದರೆ ಸಾಕು. ಬಿರಿಯಾನಿ ಜೊತೆ ನಿಂಬೆಹುಳಿ ಹಿಂಡಿದ ನೀರುಳ್ಳಿ ಇಡುವುದು ಇದಕ್ಕೆ ಉಲ್ಟಾ, ಅದು ಕಬ್ಬಿಣ ಹತ್ತಲು ಸಹಾಯ ಮಾಡುತ್ತದೆ. ಆ ರೂಢಿ ಗಟ್ಟಿಯಾಗಿ ಹಿಡಿದುಕೊಳ್ಳಿ.

ಚಟ್ಟಿಯಲ್ಲಿ ಕಲಸಿದ ಅನ್ನ

ಕಬ್ಬಿಣದ ಮಾತು ಬಂದದ್ದರಿಂದ ಕೊನೆಯ ರೂಢಿಯನ್ನೂ ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ಹಳೆಯದು ಅದು. ಎಲ್ಲಕ್ಕಿಂತ ಮೊದಲು ಬಿಡಬೇಕಾದದ್ದೂ ಅದೇ.

ಮೀನು ಸಾರು ಖಾಲಿಯಾದ ಚಟ್ಟಿಗೆ ಅನ್ನ ಹಾಕಿ, ತಳದಲ್ಲಿ ಅಂಟಿದ ಮಸಾಲೆಯನ್ನು ಕೈಯಿಂದ ಸವರಿ ಕಲಸಿ ತಿನ್ನುವ ರುಚಿ ಕರಾವಳಿಯವರಿಗೆ ಗೊತ್ತು. ಚಿಕ್ಕವರಿದ್ದಾಗ ಅದರ ಒಂದು ಉಂಡೆಗೆ ನಾವು ಜಗಳ ಮಾಡುತ್ತಿದ್ದೆವು. ರುಚಿ ನಿಜವೇ. ಆದರೆ ಉಮ್ಮ ದಿನವೂ ಚಟ್ಟಿಯಲ್ಲೇ ಯಾಕೆ ಉಣ್ಣುತ್ತಿದ್ದರು? ಬಟ್ಟಲಿಗೆ ಹಾಕಿಕೊಳ್ಳುವಷ್ಟು ಸಾರು ಉಳಿದಿರುತ್ತಿರಲಿಲ್ಲ. ಸುಪ್ರ ಹಾಸಿ ಗಂಡಸರು ಉಂಡು, ನಂಟರು ಉಂಡು, ಮಕ್ಕಳು ಉಂಡು, ಆಮೇಲೆ ಅಡುಗೆಮನೆಯ ನೆಲದಲ್ಲಿ ಕೂತು ಉಳಿದದ್ದನ್ನು ಉಣ್ಣುವುದು. ಮೀನಿನ ತುಂಡು ಉಳಿದರೆ ಇತ್ತು, ಇಲ್ಲದಿದ್ದರೆ ಮಸಾಲೆ. "ನನಗೆ ಇದೇ ಇಷ್ಟ" ಅನ್ನುತ್ತಿದ್ದರು. ನಾವು ನಂಬಿದೆವು. ಈಗ ನಮ್ಮಲ್ಲಿ ಎಷ್ಟೋ ಮಂದಿ ನಮ್ಮ ಮಕ್ಕಳಿಗೆ ಅದೇ ಮಾತು ಹೇಳುತ್ತೇವೆ. ಅವರೂ ನಂಬುತ್ತಾರೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ 25%. ಮುಟ್ಟು, ಹೆರಿಗೆಯಿಂದ ಹೆಂಗಸಿನ ಮೈಯಿಂದ ರಕ್ತ ಹೋಗುತ್ತದೆ, ಅದಕ್ಕೆ ಹೀಗೆ ಅಂತ ಹೇಳಬಹುದು. ಸರಿ, ಒಪ್ಪೋಣ. ಹಾಗಾದರೆ ಹೆಚ್ಚು ಬೇಕಾದವಳಿಗೆ ಹೆಚ್ಚು ಸಿಗಬೇಕಲ್ಲ? ಮೀನು, ಮಾಂಸ, ಸೊಪ್ಪು ಅವಳ ಬಟ್ಟಲಿಗೆ ಮೊದಲು ಬೀಳಬೇಕಲ್ಲ? ನಮ್ಮ ರೂಢಿ ನೇರ ಉಲ್ಟಾ ಇದೆ. ಹೆರಿಗೆಯಾದ ನಲವತ್ತು ದಿನ ಮೆಂತೆ ಗಂಜಿ, ಕೋಳಿ, ಮದ್ದು ಅಂತ ಪ್ರೀತಿಯಿಂದ ನೋಡಿಕೊಳ್ಳುತ್ತೇವೆ. ನಲವತ್ತೊಂದನೆಯ ದಿನದಿಂದ ಮತ್ತೆ ಚಟ್ಟಿಯ ತಳ.

ಇದು ಬೋರಗಾಂವದಲ್ಲಿ ಬೇರೆ, ಬಂಟ್ವಾಳದಲ್ಲಿ ಬೇರೆ ಅಂತ ಇಲ್ಲ. ಇಲ್ಲಿಯ ನನ್ನ ಗೆಳತಿಯರೂ ಬಿಸಿ ಭಕ್ರಿಯನ್ನು ಒಂದೊಂದಾಗಿ ಗಂಡಸರ ತಟ್ಟೆಗೆ ಹಾಕಿ, ಕೊನೆಯ ತಣ್ಣನೆಯದನ್ನು ತಾವು ತಿನ್ನುತ್ತಾರೆ. ಕನ್ನಡ, ಮರಾಠಿ, ಬ್ಯಾರಿ, ಎಲ್ಲ ಭಾಷೆಯ ಅಡುಗೆಮನೆಯಲ್ಲೂ ಈ ವಿಷಯದಲ್ಲಿ ಒಮ್ಮತ ಇದೆ!

ಇದಕ್ಕೆ ಕಾಯಿದೆ ಬೇಡ, ಭಾಷಣ ಬೇಡ. ದಿನಕ್ಕೆ ಒಂದು ಊಟ, ರಾತ್ರಿಯದಾದರೂ ಸಾಕು, ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಪಾತ್ರೆಗಳು ನಡುವೆ ಇರಲಿ, ಬೇಕಾದವರು ಬಡಿಸಿಕೊಳ್ಳಲಿ. ಗಂಡಸರು ಅಡುಗೆ ಮಾಡಬೇಕು ಅಂತ ನಾನು ಇವತ್ತು ಹೇಳುತ್ತಿಲ್ಲ, ಅದು ಇನ್ನೊಂದು ವಾರಕ್ಕೆ ಇರಲಿ. ಉಣ್ಣುವ ಮೊದಲು "ನಿನಗೆ ಇದೆಯಾ?" ಅಂತ ಪಾತ್ರೆಯೊಳಗೆ ಒಮ್ಮೆ ಇಣುಕಿ ನೋಡಲಿ, ಅಷ್ಟು ಸಾಕು.

ಕೇಳಿಟ್ಟುಕೊಳ್ಳೋಣ

ಹೀಗೆಲ್ಲ ಲೆಕ್ಕ ಹಾಕುವುದು ಹಿರಿಯರಿಗೆ ಅಗೌರವ ಅಂತ ಕೆಲವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಕಡೆಯುವ ಕಲ್ಲು ಬಿಟ್ಟು ಮಿಕ್ಸಿಗೆ ಬಂದವರು, ಸೌದೆ ಬಿಟ್ಟು ಗ್ಯಾಸಿಗೆ ಬಂದವರು ನಮ್ಮ ಉಮ್ಮಂದಿರೇ. ತಮ್ಮ ಉಮ್ಮ ಮಾಡಿದ್ದನ್ನೆಲ್ಲ ಅವರೂ ಹಾಗೆಯೇ ಮಾಡಲಿಲ್ಲ. ಬೇಕಾದ್ದನ್ನು ಇಟ್ಟುಕೊಂಡರು, ಬೇಡದ್ದನ್ನು ಬಿಟ್ಟರು. ನಾವೂ ಅದನ್ನೇ ಮಾಡಿದರೆ ಅವರ ದಾರಿಯಲ್ಲೇ ನಡೆದ ಹಾಗೆ.

ಒಂದೇ ಕೆಲಸ ಬಾಕಿ ಇದೆ, ಅದಕ್ಕೆ ಸಮಯ ಕಡಿಮೆ ಇದೆ. ಉಮ್ಮಂದಿರು ಇರುವಾಗಲೇ ಕೇಳಬೇಕು. ಕಲ್ತಪ್ಪಕ್ಕೆ ಮಣ್ಣಿನ ಬಿಸಲೆಯೇ ಯಾಕೆ? ಮೇಲೆ ಕೆಂಡ ಯಾಕೆ? ಪತ್ತಿರ್ ಅಕ್ಕಿ ಎಷ್ಟು ಹೊತ್ತು ನೆನೆಯಬೇಕು, ಯಾಕೆ? ಬ್ಯಾರಿ ಭಾಷೆಗೆ 2007ರಲ್ಲಿ ಅಕಾಡೆಮಿ ಬಂತು, ಕಥೆ, ಕವನ, ಹಾಡುಗಳು ಪುಸ್ತಕವಾದವು, ಸಂತೋಷ. ಆದರೆ ಅಡುಗೆಮನೆಯ ಎಷ್ಟೋ ಶಬ್ದ, ಎಷ್ಟೋ ಉಪಾಯ ಇನ್ನೂ ಉಮ್ಮಂದಿರ ಬಾಯಲ್ಲೇ ಇದೆ. ಬಿಸಲೆ ಹೋದರೆ ಆ ಹೆಸರೂ ಹೋಗುತ್ತದೆ. ದುಬೈಯಲ್ಲಿ, ಬೆಂಗಳೂರಲ್ಲಿ, ಬೋರಗಾಂವದಲ್ಲಿ ಇರುವ ಮಕ್ಕಳು ವಾರಕ್ಕೊಮ್ಮೆ ಫೋನ್ ಮಾಡುವಾಗ "ಊಟ ಆಯ್ತಾ" ಜೊತೆ ಇನ್ನೊಂದು ಪ್ರಶ್ನೆ ಸೇರಿಸಿ. "ಉಮ್ಮ, ಅದನ್ನು ಹಾಗೆ ಯಾಕೆ ಮಾಡ್ತಿದ್ರಿ?" ಉತ್ತರವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಇಲ್ಲವೇ ಪುಸ್ತಕದಲ್ಲಿ ಬರೆದಿಡಿ. ಮಗಳಿಗೆ ಮಾತ್ರ ಅಲ್ಲ, ಮಗನಿಗೂ ಹೇಳಿ.

ನಾನು ಹೀಗೆ ಕೇಳಿ ತಿಳಿದ ಒಂದನ್ನು ಹೇಳುತ್ತೇನೆ. ಅಕ್ಕಿ ಅಳೆದ ಮೇಲೆ ಒಂದು ಹಿಡಿ ತೆಗೆದಿಡುವುದು ಯಾಕೆ? ತಿಂಗಳ ಕೊನೆಗೆ ಡಬ್ಬಿಯಲ್ಲಿ ಮೂರು ನಾಲ್ಕು ಪಾವು ಅಕ್ಕಿ ಸೇರುತ್ತಿತ್ತು. ಒಲೆ ಹಚ್ಚಲು ಏನೂ ಇಲ್ಲದ ಮನೆಗೆ ಅದು ಹೋಗುತ್ತಿತ್ತು, ಗದ್ದಲವಿಲ್ಲದೆ, ಸಂಜೆಯ ಕತ್ತಲಲ್ಲಿ. ನಮ್ಮ ಮನೆಯಲ್ಲೇ ಕೊರತೆ ಇದ್ದ ದಿನಗಳಲ್ಲೂ ಆ ಹಿಡಿ ತಪ್ಪಲಿಲ್ಲ. ಒಂದು ಹಿಡಿ ಕಡಿಮೆಯಾದರೆ ಉಣ್ಣುವವರಿಗೆ ಗೊತ್ತೇ ಆಗುವುದಿಲ್ಲ ಅನ್ನುವುದು ಉಮ್ಮನ ಲೆಕ್ಕ. ಈ ರೂಢಿಗೆ ಕಾರಣ ಇನ್ನೂ ಇದೆ. ಒಲೆ ಉರಿಯದ ಮನೆಗಳು ನಮ್ಮ ಜಮಾಅತಿನಲ್ಲೂ ಇವೆ, ಪಕ್ಕದ ಬೀದಿಯಲ್ಲೂ ಇವೆ. ಎಣ್ಣೆ ಡಬ್ಬಿ ತೊಳೆದು ಒಣಗಿಸಿ, ಆ ಜಾಗದಲ್ಲಿ ಹಿಡಿ ಅಕ್ಕಿಯ ಡಬ್ಬಿ ಇಟ್ಟರೆ ಚೆನ್ನ.